ಮಾಮಾನ ಜೊಲ್ಲು, ನನ್ನ ಮಾನ

ಎರಡು ಹನಿ ಜೊಲ್ಲಿಗಾಗಿ ಸ್ವಂತ ಸೋದರಸೊಸೆಯ ಮಾನವನ್ನು ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಹರಾಜಿಗಿಟ್ಟ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ನನ್ನ ಸೋದರಮಾಮಾ. ಹೆಸರು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಈ ಎರಡು ತಾಲ್ಲೂಕುಗಳಲ್ಲಿ ಮದುವೆ ಊಟ ಉಂಡವರೆಲ್ಲ ಅವನನ್ನು ಬಲ್ಲರು. ದುಃಖದ ಸಂಗತಿಯೆಂದರೆ, ಈಗ ಅವರೆಲ್ಲ ನನ್ನನ್ನೂ ಬಲ್ಲರು!

ಮಾಮಾ ಸನಾದಿ ಊದುವವನು. ಸನಾದಿಯ ಬಾಯಿಗೆ ತಾಳೆಗರಿಯಿಂದ ಮಾಡಿದ ಪುಟ್ಟ ಪೀಪಿ ಇರುತ್ತದೆ. ಅದು ಜೊಲ್ಲಿನಲ್ಲಿ ಹದವಾಗಿ ನೆನೆದರೆ ಮಾತ್ರ ಮಾತಾಡುತ್ತದೆ. ಹಾಗಂತ ಜೊಲ್ಲು ಹೆಚ್ಚಾದರೂ ಕೆಲಸ ಕೆಟ್ಟಿತು, ರಾಗದ ಬದಲು ಗುಳುಗುಳು ಸದ್ದು. ಆದ್ದರಿಂದಲೇ ಹುಣಸೆಹಣ್ಣು ಚೀಪುತ್ತ ಎದುರಿಗೆ ಬಂದು ನಿಲ್ಲುವ ತುಂಟ ಮಕ್ಕಳೆಂದರೆ ಊದುವವರಿಗೆ ಪ್ರಾಣಸಂಕಟ. ಮಾಮಾ ಹರೆಯದಲ್ಲಿ ಅಂಥ ಮಕ್ಕಳನ್ನು ಸನಾದಿ ಎತ್ತಿಕೊಂಡೇ ಅಟ್ಟಿಸಿಕೊಂಡು ಹೋಗುತ್ತಿದ್ದನಂತೆ. ಮದುಮಗ ಕುದುರೆಯ ಮೇಲೆ, ವಾದ್ಯ ಯಾವುದೋ ಗಲ್ಲಿಯೊಳಗೆ!

ಎಪ್ಪತ್ತು ದಾಟಿತು ನೋಡಿ, ಆಟ ತಿರುಗಿತು. ಮಾಮಾನ ಬಾಯಿ ಒಣಗತೊಡಗಿತು. ರೊಟ್ಟಿಯ ಪ್ರತಿ ತುತ್ತಿಗೂ ಒಂದು ಗುಟುಕು ನೀರು. ಪೀಪಿಯನ್ನು ನೀರಿನಲ್ಲಿ ಅದ್ದಿ ನೋಡಿದ. ಒಂದು ಹಾಡಿಗೆ ಸೈ, ಆಮೇಲೆ ಮತ್ತೆ ಒಣಕಟ್ಟಿಗೆ. ಮದುವೆಗಳಲ್ಲಿ ಹಾಡು ಅರ್ಧಕ್ಕೇ ನಿಲ್ಲತೊಡಗಿತು. ಬ್ಯಾಂಡಿನ ಉಸ್ತಾದ ಸನಾದಿಯ ಜಾಗಕ್ಕೆ ಕೀಬೋರ್ಡ್ ತರುವ ಮಾತು ತೆಗೆದ. ಅವತ್ತು ಮಾಮಾ ನನ್ನ ಮನೆಗೆ ಬಂದು, "ಮನ್ಯಾಗ ಕುಂದರಸಿದ್ರ ನಾ ಸತ್ತಾಂಗೇ ಬಿಡವ್ವಾ. ಊದೂದು ಬಿಟ್ಟ ದಿನ ಹೊತ್ತಕೊಂಡು ಹೋಗ್ರಿ ನನ್ನ" ಎಂದ. ತಮಾಷೆಯ ಮನುಷ್ಯ ತಮಾಷೆಯಿಲ್ಲದೆ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ನನ್ನ ದುರ್ದೈವ, ಅವನನ್ನು ಹುಮನಾಬಾದಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದವಳೂ ನಾನೇ. ಚಿಕ್ಕ ವಯಸ್ಸಿನ ಹುಡುಗಿ, ಸಮಾಧಾನದಿಂದ ತಿಳಿಸಿ ಹೇಳಿದಳು.

"ಕಿವಿ ಕೆಳಗ, ದವಡಿ ಕೆಳಗ, ನಾಲಿಗಿ ಕೆಳಗ ಜೊಲ್ಲಿನ ಗ್ರಂಥಿ ಇರ್ತಾವ ಅಜ್ಜಾ. ಅದರಾಗ ಸಣ್ಣ ಸಣ್ಣ ಕಾಳು, ಜೊಲ್ಲು ಮಾಡೂವು ಅವೇ. ವಯಸ್ಸಾದಂಗ ಆ ಕಾಳು ಕಮ್ಮಿ ಆಗ್ತಾವ, ಆ ಜಾಗಾದಾಗ ಕೊಬ್ಬು, ನಾರು ತುಂಬ್ಕೋತದ."

ಹಂಚಿಕಡ್ಡಿಯಂತಿರುವ ಮಾಮಾ ನನ್ನತ್ತ ಹೆಮ್ಮೆಯಿಂದ ತಿರುಗಿದ. "ಕೇಳಿದೇನವ್ವಾ? ನನ್ನ ಮೈಯಾಗೂ ಕೊಬ್ಬು ಅದಂತ! ನಿಮ್ಮ ಮಾಮಿಗಿ ಹೇಳು." ಆಮೇಲೆ ಡಾಕ್ಟರಮ್ಮನಿಗೆ, "ಒಳಗ ಹೊಕ್ಕು ನೋಡಿ ಬಂದೀರೇನ್ರಿ?"

"ಓದೂವಾಗ ಸತ್ತವರ ಗ್ರಂಥಿ ನೋಡೀವಿ ಅಜ್ಜಾ. ಅದೂ ಪರೇಶಾನಿನೇ. ಜೀವ ಹೋದ ಕೆಲವು ತಾಸಿನಾಗ ಅದು ತಾನಾ ಕರಗಾಕ ಹತ್ತತದ. ತಡಾ ಮಾಡಿದ್ರ, ವಯಸ್ಸು ಕೆಡಿಸಿದ್ದು ಎಷ್ಟು, ಸಾವು ಕೆಡಿಸಿದ್ದು ಎಷ್ಟು ಅಂತ ಗೊತ್ತಾಗಂಗಿಲ್ಲ."

ಮಾಮಾ ಗಲ್ಲ ಒತ್ತಿಕೊಂಡು ಯೋಚಿಸಿದ. "ಅಂದ್ರ ಜೀವ ಇದ್ದಾಗ ಒಂದು ಹನಿ ಕೊಡಲಾರದ ಕಂಜೂಸಗೋಳು ಸತ್ತ ಮ್ಯಾಲ ಕರಗ್ತಾವ! ಆವಾಗ ನಾ ಯಾರ ಮದವ್ಯಾಗ ಊದ್ಲಿ?"

ಸರದಿಯಲ್ಲಿ ಕೂತವರೆಲ್ಲ ಹೋ ಎಂದು ನಕ್ಕರು. ನಾನು ಗೋಡೆಯ ಮೇಲಿದ್ದ ಪೋಲಿಯೋ ಲಸಿಕೆಯ ಪೋಸ್ಟರನ್ನು ಬಹಳ ಆಸಕ್ತಿಯಿಂದ ಓದಿದೆ. ಡಾಕ್ಟರಮ್ಮನೂ ನಗುತ್ತ ಹೇಳಿದಳು: "ಉಳಿದ ಕಾಳು ಇನ್ನಾ ದುಡೀತಾವ ಅಜ್ಜಾ. ಹುಳಿ ಕಂಡ್ರ ಬಾಯಾಗ ನೀರು ಬರ್ತದಲ್ಲ, ಹಾಂಗ ಅವನ್ನ ಎಬ್ಬಸ್ಬೇಕು."

ಆಕೆ ಹೇಳಿದ್ದು ನಿಂಬೆ ಪೆಪ್ಪರಮೆಂಟಿನ ವಿಚಾರ. ಆದರೆ ಹುಳಿ ತಗುಲಿದರೆ ಪೀಪಿ ಕೆಡುತ್ತದೆ ಎಂಬುದು ಮಾಮಾನ ಧರ್ಮಶಾಸ್ತ್ರ. ಹಾಗಾದರೆ ಹುಳಿಯನ್ನು ತಿನ್ನಬಾರದು, ತಿನ್ನುವವರನ್ನು ನೋಡಬೇಕು! ಆಯುಷ್ಯವಿಡೀ ಯಾರನ್ನು ಅಟ್ಟಿಸಿಕೊಂಡು ಹೋಗಿದ್ದನೋ ಅಂಥವರನ್ನೇ ಹುಡುಕತೊಡಗಿದ. ಮೊದಲ ಪರೀಕ್ಷೆ ಮಾಮಿಗೆ. ಅದರಲ್ಲಿ ಆಕೆ ನಪಾಸು. "ಇಡೀ ನಿಂಬಿಹಣ್ಣ ತಿಂದ್ರೂ ಆಕಿ ಮಾರಿ ಜರಾನೂ ಅಳ್ಳಾಡಂಗಿಲ್ಲ. ಸಂಸಾರನೂ ಹಾಂಗೇ ಮಾಡ್ಯಾಳ" ಎಂದು ದೂರಿದ. ಆಮೇಲೆ ನನ್ನ ಅಡುಗೆಮನೆಗೇ ಬಂದು ಒಂದು ತುಣುಕು ಹುಣಸೆಹಣ್ಣು ಕೈಗಿತ್ತ. ಬಾಯಿಗೆ ಹಾಕಿಕೊಂಡೆ. ನನ್ನ ಒಂದು ಕಣ್ಣು ಮುಚ್ಚಿತು, ಮೂಗು ಸುಕ್ಕಾಯಿತು, ಕಿವಿಗಳೂ ಅಲುಗಿದವು ಎಂದು ಆಮೇಲೆ ಮಗಳು ಹೇಳಿದಳು. ಮಾಮಾ ಮಾತ್ರ ಬೋರ್‌ವೆಲ್ಲಿನಲ್ಲಿ ನೀರು ಬಿದ್ದವರ ಹಾಗೆ ಕುಣಿದ. "ಬಂತು! ಬಂತವ್ವಾ! ಖರೇ ಮಾರಿ ಅಂದ್ರ ಇದು!"

ಹೊಗಳಿಕೆ ಅಂತಲೇ ತಿಳಿದುಕೊಂಡೆ. ಏನು ಮಾಡಲಿ?

ಮೊದಲ ಪ್ರಯೋಗ ಹುಮನಾಬಾದಿನ ಒಂದು ಮದುವೆಯಲ್ಲಿ. ನಾನು ಊರಿನ ಹೈಸ್ಕೂಲ್ ಟೀಚರ್, ರೇಷ್ಮೆ ಸೀರೆ ಉಟ್ಟಿದ್ದೇನೆ, ಬ್ಯಾಂಡಿನ ಒಂದು ಬದಿಗೆ, ಮಾಮಾನ ಎದುರು ಒಬ್ಬಳೇ ನಿಂತು ಹುಣಸೆಹಣ್ಣು ಚೀಪುತ್ತಿದ್ದೇನೆ. ಮಾಮಾ ಊದಿದ ಕಸುವಿಗೆ ಬಡಿಸುವವರು ಬಕೆಟ್ ಹಿಡಿದು ನಿಂತುಬಿಟ್ಟರು, ಅದನ್ನು ಒಪ್ಪಲೇಬೇಕು. ಆದರೆ ಹೆಂಗಸರು ನೋಡುತ್ತಿದ್ದದ್ದು ಸನಾದಿಯನ್ನಲ್ಲ. ಒಬ್ಬಾಕೆ ಹತ್ತಿರ ಬಂದು ಮೊಣಕೈಯಿಂದ ತಿವಿದು ಕೇಳಿಯೇಬಿಟ್ಟಳು: "ಟೀಚರ್, ಎಷ್ಟು ತಿಂಗಳಾತ್ರೀ?"

ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ! ಅಲ್ಲ, ಹುಳಿ ತಿನ್ನುವ ಹೆಂಗಸಿಗೆ ಬೇರೆ ಕಾರಣವೇ ಇರಬಾರದೇ? ಮಾಮಾನ ದವಡೆಯ ಕೆಳಗಿನ ಕಾಳುಗಳ ಕಥೆಯನ್ನು ಬೀಗರ ಎದುರು ನಾನು ಎಲ್ಲಿಂದ ಶುರುಮಾಡಲಿ? ತಲೆ ತಗ್ಗಿಸಿ ಮನೆಗೆ ಬಂದೆ. ಮರುದಿನ ಸ್ಟಾಫ್ ರೂಮಿಗೆ ಹೋದರೆ ನನ್ನ ಕುರ್ಚಿಗೆ ದಿಂಬು ಬಂದಿತ್ತು.

ಎರಡನೆಯದು ಬಸವಕಲ್ಯಾಣದಲ್ಲಿ, ಈ ಸಲ ಇಡೀ ಬ್ಯಾಂಡಿಗೆ ಎದುರಾಗಿ ನಿಂತಿದ್ದೆ. ಅಲ್ಲಿ ನಾವಿಬ್ಬರೂ ಯೋಚಿಸದೇ ಇದ್ದದ್ದೊಂದು ನಡೆಯಿತು. ನನ್ನ ಮುಖ ನೋಡುವ ಕಣ್ಣುಗಳು ಮಾಮಾನಿಗೆ ಮಾತ್ರ ಇವೆಯೇ? ಕ್ಲಾರ್ನೆಟ್ಟಿನವನ ಬಾಯಲ್ಲಿ ನೀರೂರಿ ಅವನ ವಾದ್ಯ ಕೆಮ್ಮಿತು. ಕಹಳೆಯವನು ಊದಿದರೆ ಗುಳುಗುಳು. ಮುತ್ತೈದೆಯರು ಅಕ್ಷತೆ ಹಿಡಿದು ನಿಂತಿದ್ದಾರೆ, ಇಡೀ ಬ್ಯಾಂಡು ಜೊಲ್ಲು ನುಂಗುತ್ತಿದೆ, ನಡುವೆ ಮಾಮಾ ಒಬ್ಬನೇ ಆಕಾಶದಲ್ಲಿ! ಉಸ್ತಾದ ಓಡಿಬಂದು ಕೈ ಮುಗಿದ. "ಆಪಾ, ಹಾಥ ಜೋಡಸ್ತೀನ್ರಿ. ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?"

ಮಾಮಾನ ತಲೆ ಆಗಲೂ ಓಡಿತು. ನನ್ನನ್ನು ಹಂದರದ ಹಿಂದಿನ ಮೂಲೆಯಲ್ಲಿ ನಿಲ್ಲಿಸಿದ. ಬ್ಯಾಂಡಿನವರೆಲ್ಲ ಮದುಮಕ್ಕಳ ಕಡೆಗೆ, ಮಾಮಾ ಒಬ್ಬನೇ ಮದುಮಕ್ಕಳಿಗೆ ಬೆನ್ನು ತಿರುಗಿಸಿ ನನ್ನ ಕಡೆಗೆ. ಕೊನೆಗೆ ಹುಡುಗಿಯ ಅಜ್ಜ ಎದ್ದು ನಿಂತು ಗುಡುಗಿದ: "ಈ ಸನಾದಿ ಯಾರ ಮದವಿಗಿ ಊದಾಕತ್ತದ?" ಇಡೀ ಹಂದರ ತಿರುಗಿ ನೋಡಿತು. ನನ್ನ ಬಾಯಲ್ಲಿ ಹುಣಸೆಬೀಜ ಇತ್ತು, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಹೇಳಿಬಿಟ್ಟೆ. "ಸಾಕು ಮಾಮಾ. ನನಗ ಭಾಳ ನಾಚಿಕಿ ಆಗ್ತದ."

ಮಾಮಾ ಸನಾದಿಯನ್ನು ಚೀಲಕ್ಕೆ ಹಾಕಿ ಗಂಟು ಬಿಗಿದ. "ನಂಗೂ ಆಗ್ತದವ್ವಾ" ಎಂದ. "ಬಾಯಿ ಒಣಗಿದ್ದಕ್ಕಲ್ಲ. ನಿನ್ನ ಹಾಂಗ ನಿಂದರಸಿದ್ದಕ್ಕ." ಹುಲಸೂರ ಬಸ್ಸು ಬಂತು. ಆ ಕಡೆ ಕೆಲಸವೇನೂ ಇರದಿದ್ದರೂ ಹತ್ತಿ ಹೋದ. ಆಮೇಲೆ ನನ್ನನ್ನು ಕರೆಯಲಿಲ್ಲ. ಯಾವ ಮದುವೆಗೂ ಊದಲಿಲ್ಲವೆಂದು ಮಾಮಿ ಫೋನಿನಲ್ಲಿ ಹೇಳಿದಳು. ಬೆಳಿಗ್ಗೆ ಸನಾದಿ ಒರೆಸುತ್ತಾನಂತೆ, ಮತ್ತೆ ಚೀಲಕ್ಕೆ ಹಾಕುತ್ತಾನಂತೆ.

ಹೋದ ವರ್ಷ ನಮ್ಮವ್ವ ತೀರಿಕೊಂಡಳು. ಮಾಮಾ ಬಂದ. ಅಕ್ಕನ ಪಕ್ಕದಲ್ಲಿ ಕೂತು, ಅವಳ ಬಾಯಿಗೆ ಚಮಚೆಯಿಂದ ನೀರು ಬಿಟ್ಟು, ಗಲ್ಲವನ್ನು ಮೆಲ್ಲಗೆ ಸವರಿದ. ಅವ್ವನನ್ನು ಹೊರಡಿಸುವ ಹೊತ್ತಿಗೆ ಉಸ್ತಾದನ ಬಾಜಾ ಬಂತು. ಮಾಮಾ ಎದ್ದು ಚೀಲದಿಂದ ಸನಾದಿ ತೆಗೆದ. "ಮನಿಯವರು ಊದಬಾರದು ಚಾಚಾ, ಕೂಡ್ರಿ" ಎಂದ ಉಸ್ತಾದ. "ಅಕ್ಕನ ಮದವ್ಯಾಗ ನಾ ಸಣ್ಣಾಂವ, ಊದೂದಾಗಲಿಲ್ಲ. ಇವತ್ತ ಕಳಸೂದರ ನಾನೇ ಕಳಸ್ತೀನಿ" ಎಂದ ಮಾಮಾ.

ಊದಿದ. ಬರಿಯ ಗಾಳಿ ಬಂತು. ಪೀಪಿಯನ್ನು ನಾಲಿಗೆಗೆ ತಿಕ್ಕಿ ಮತ್ತೆ ಊದಿದ. ಮತ್ತೆ ಗಾಳಿ. ನೆರೆದವರು ನೆಲ ನೋಡತೊಡಗಿದರು. ಮಾಮಾ ಗೋಡೆಯ ಕಡೆ ತಿರುಗಿ ನಿಂತ. ನನ್ನತ್ತ ಒಮ್ಮೆಯೂ ನೋಡಲಿಲ್ಲ. ಆ ನೋಡದಿರುವುದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಒಳಗೆ ಹೋಗಿ ಅವ್ವನ ಭರಣಿಯಿಂದ ಹುಣಸೆಹಣ್ಣು ತಂದು, ಮಾಮಾನ ಭುಜ ತಟ್ಟಿ, ಎದುರು ನಿಂತು ಬಾಯಿಗೆ ಹಾಕಿಕೊಂಡೆ. ಏನೂ ಆಗಲಿಲ್ಲ. ಮಣ್ಣು ಅಗಿದ ಹಾಗಿತ್ತು. ಬೆಳಗಿನಿಂದ ನಾನು ಅತ್ತೂ ಇರಲಿಲ್ಲ. ಮಾಮಾ ನನ್ನ ಮುಖವನ್ನೇ ನೋಡಿದ.

"ನಿಂದೂ ಒಣಗ್ಯದಲ್ಲವ್ವಾ" ಎಂದ.

ನನ್ನ ಕೈಯಲ್ಲಿ ಉಳಿದಿದ್ದ ತುಣುಕನ್ನು ಕಿತ್ತುಕೊಂಡು, ಪೀಪಿಯ ಚಿಂತೆ ಬಿಟ್ಟು, ತನ್ನ ಬಾಯಿಗೆ ಹಾಕಿಕೊಂಡ. ಆಮೇಲೆ ನನಗಾಗಿ ಮುಖ ಕಿವುಚಿದ. ಹಲ್ಲಿಲ್ಲದ ಬಾಯಿ ಒಳಗೆ ಹೋಯಿತು, ಒಂದು ಕಣ್ಣು ಮುಚ್ಚಿತು, ಮೂಗು ಸುಕ್ಕಾಯಿತು. ಹೆಣದ ಎದುರು, ಇಡೀ ಓಣಿಯ ಎದುರು! ನನಗೆ ಫಕ್ಕನೆ ನಗು ಬಂತು, ಅದರ ಬೆನ್ನಿಗೇ ಅಳು. ಕಣ್ಣು, ಮೂಗು, ಬಾಯಿ ಎಲ್ಲ ಒಟ್ಟಿಗೆ ಒದ್ದೆಯಾದವು. ನನ್ನನ್ನು ನೋಡುತ್ತಲೇ ಮಾಮಾ ಹುಣಸೆಹಣ್ಣು ಉಗುಳಿ, ತುಟಿ ಒರೆಸಿಕೊಂಡು ಸನಾದಿ ಎತ್ತಿದ. ಮೊದಲು ಸ್ವರ ಒಡೆಯಿತು. ಆಮೇಲೆ ಹಿಡಿಯಿತು.

ಹೆಗಲು ಕೊಟ್ಟವರು ಹೆಜ್ಜೆ ಇಟ್ಟರು. ನಾನು ಮಾಮಾನಿಗೆ ಮುಖ ಕೊಟ್ಟು, ಹುಳಿ ಚೀಪುತ್ತ, ಹಿಮ್ಮುಖವಾಗಿ ನಡೆದೆ. ಓಣಿಯ ಎರಡೂ ಬದಿಗೆ ಜನ ನಿಂತು ನೋಡುತ್ತಿದ್ದರು, ನನ್ನ ಶಾಲೆಯ ಮಕ್ಕಳೂ ಇದ್ದರು. ನಾಚಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು, ಬಹಳ ಆಯಿತು. ಆದರೆ ಅವ್ವನನ್ನು ಇಳಿಸಿ ಸನಾದಿ ನಿಲ್ಲುವವರೆಗೂ ನಾನು ಆ ಕಡೆ ಈ ಕಡೆ ಮುಖ ತಿರುಗಿಸಲಿಲ್ಲ.