ಹಿಮದ ಡೇರೆ, ಮಲಪ್ರಭೆಯ ಮೀನು

ನಾನು ಜಾಣತನದಿಂದ ಏನಾದರೂ ಕೊಳ್ಳಲು ಹೊರಟಾಗಲೆಲ್ಲ ಊರವರಿಗೆ ನಗಲು ಒಂದು ಕಾರಣ ಸಿಗುತ್ತದೆ. ಇದು ಈವರೆಗೆ ತಪ್ಪಿದ್ದೇ ಇಲ್ಲ.

ವಾರವಿಡೀ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಬೆಂಕಿಯ ಮುಂದೆ ಬೇಯುವ ನಾನು, ಐತವಾರ ಖಾನಾಪುರಕ್ಕೆ ಹೋಗಿ ಮಲಪ್ರಭೆಯ ದಂಡೆಯಲ್ಲಿ ಗಾಳ ಹಾಕಿ ಕೂಡುತ್ತೇನೆ. ಇಷ್ಟು ವರ್ಷಗಳಲ್ಲಿ ಸಿಕ್ಕಿದ್ದು ಒಂದು ಹರಿದ ಚಪ್ಪಲಿ. ತಪ್ಪು ನನ್ನದಲ್ಲ, ಮಳೆಯದು ಎಂದು ಹೇಳಿಕೊಂಡು ಬಂದಿದ್ದೆ. ಈ ಸಲ ಹೆಂಡತಿ ತೀರ್ಪು ಕೊಟ್ಟೇಬಿಟ್ಟಳು: "ಈ ಮಳಿಗಾಲದಾಗ ಒಂದರ ಮೀನ ತರ್ರಿ. ಇಲ್ಲಂದ್ರ ಐತವಾರ ಮನ್ಯಾಗ ಕುಂತು ಬಳ್ಳೊಳ್ಳಿ ಸುಲೀರಿ."

ಐತವಾರ ಕೈತಪ್ಪಿದರೆ ನಾನು ಬದುಕಿದ್ದೂ ಸುಳ್ಳು. ಹಾಗಾಗಿ ಮಳೆಯಲ್ಲಿ ಕೂಡಲು ಮಡಚುವ ಡೇರೆಯೊಂದು ಬೇಕಾಯಿತು.

ಗಾಳಿಯ ಆನೆ

ಮೊದಲು ಊರೊಳಗಿನ ಶಹಾಪುರದ ಒಂದು ಅಂಗಡಿಗೆ ಹೋದೆ. ಅಂಗಡಿಯವರ ಮನೆಮಾತು ಮರಾಠಿ.

"ಗಾಳ ಹಾಕಾಕ ಒಂದ ಡೇರಿ ಬೇಕಾಗಿತ್ರಿ," ಎಂದೆ.

"ಗಾಳಿ ಹಾಕೂದಾ? ಐತಲ್ರಿ!" ಎಂದವರೇ ಒಳಗಿನಿಂದ ಒಂದು ಗಂಟು ತಂದು ಪಂಪು ಒತ್ತತೊಡಗಿದರು. ನೋಡನೋಡುತ್ತ ಹಳದಿ ಆನೆಯೊಂದು ಎದ್ದು ನಿಂತಿತು. ಅದರ ಹೊಟ್ಟೆಯೊಳಗೆ ಮಕ್ಕಳು ನುಗ್ಗಿ ಆಡುವುದಂತೆ.

"ಇದರಾಗ ನಾ ಕುಂದರಬೇಕ್ರಿ!"

ಅವರು ಆನೆಯ ಹೊಟ್ಟೆ ನೋಡಿದರು, ನನ್ನ ಹೊಟ್ಟೆ ನೋಡಿದರು. "ನಿಮಗ ಮತ್ತ ಗಾಳಿ ಯಾಕ್ರಿ ಸಾಹೇಬ್ರ, ಈಗ ತುಂಬೇತಲ್ಲ?"

ಅರ್ಧ ಲೀಟರ್

ಕೊನೆಗೆ ಮಗಳು ಫೋನಿನಲ್ಲಿ ಹುಡುಕಿದಳು. ನನಗೆ ಹಿಡಿಸಿದ್ದು ಕೆಂಪು ಬಣ್ಣದ್ದು.

"ಅಪ್ಪಾ, ಇದು ಹೊಳಿ ಹೆಪ್ಪುಗಟ್ಟೂ ದೇಶದ್ದು. ಬರ್ಫದಾಗ ತೂತು ಕೊರದು, ಅದರ ಮ್ಯಾಲ ಇದನ್ನಿಟ್ಟು, ಒಳಗ ಕುಂತು ಗಾಳ ಬಿಡ್ತಾರಂತ. ಇದಕ್ಕ ತಳಾನ ಇಲ್ಲ."

"ಅಂಥಾ ಚಳಿ ತಡಿಯೂದು ಖಾನಾಪುರದ ಮಳಿ ತಡಿಯೂದಿಲ್ಲೇನು?" ಎಂದು ತರಿಸಿಯೇಬಿಟ್ಟೆ.

ನಮ್ಮ ಬಾಯಲ್ಲಿ ಡೇರೆ ಡೇರಿಯಾಗುತ್ತದೆ. ಹಾಲು ಮಾರುವುದೂ ಡೇರಿಯೇ. 'ನಮ್ಮವರು ಡೇರಿ ತರಿಸ್ಯಾರ' ಎಂದು ಹೆಂಡತಿ ಕಂಪೌಂಡಿನಾಚೆ ಹೇಳಿದ್ದೇ ತಡ, ಮರುದಿನ ಬಾಜು ಮನೆಯ ಅಜ್ಜಿ ತಂಬಿಗೆ ಹಿಡಿದು ಬಂದರು. "ಅರ್ಧಾ ಲೀಟರ್ ಹಾಕ್ರಿ. ನೀರ ಬೆರಸಬ್ಯಾಡ್ರಿ ಮತ್ತ."

ಇದು ಆ ಡೇರಿ ಅಲ್ಲ ಎಂದು ನಾನು ಬಿಡಿಸಿ ಹೇಳಿದರೂ ಅಜ್ಜಿ ಒಳಗೆ ಇಣುಕಿದರು. "ಹಂಗಾರ ಎಮ್ಮಿ ಇಲ್ಲೇನು?"

ಹೆಂಡತಿ ನನ್ನತ್ತ ಕೈ ತೋರಿಸಿದಳು. "ಎಮ್ಮಿ ಇಲ್ರಿ ಅಜ್ಜಿ, ಕೋಣ ಐತಿ."

ಕೆಮ್ಮಿಗೊಂದು ಕೆಮ್ಮು

ಐತವಾರ ದಂಡೆಯ ಮೇಲೆ ಚೀಲದ ಬಾಯಿ ಬಿಚ್ಚಿದೆ. ಡೇರೆ ತಾನೇ ಜಿಗಿದು ಅರಳಿ ನಿಂತಿತು. ಒಳಗೆ ಬೆಚ್ಚಗಿತ್ತು, ಆದರೆ ಗಾಳ ಎಲ್ಲಿ ಬಿಡುವುದು? ಕೆಳಗೆ ಹಿಮವೂ ಇಲ್ಲ, ತೂತೂ ಇಲ್ಲ, ಬರೀ ಕೆಸರು. ಹೊಳೆಯ ಕಡೆಯ ಕಿಟಕಿಯಿಂದ ಕೋಲು ಚಾಚಿ ಕೂತೆ.

ಹಿಂದುಗಡೆ ಯಾರೋ ಕೆಮ್ಮಿದರು. ಮಾತಾಡಿದರೆ ಮೀನು ಬೆದರೀತೆಂದು ನಾನೂ ಕೆಮ್ಮಿ ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಕೆಮ್ಮು. ನಾನೂ ಮರ್ಯಾದೆಯಿಂದ ಮತ್ತೊಮ್ಮೆ ಕೆಮ್ಮಿದೆ. ನಮ್ಮ ಕಡೆ ಮರೆಯಲ್ಲಿ ಯಾರಾದರೂ ಬಹಿರ್ದೆಸೆಗೆ ಕೂತಿದ್ದಾರೋ ಎಂದು ತಿಳಿಯಲು ಹೊರಗಿನವರು ಕೆಮ್ಮುತ್ತಾರೆ, ಒಳಗಿನವರು ತಿರುಗಿ ಕೆಮ್ಮಿದರೆ 'ಇನ್ನೂ ಆಗಿಲ್ಲ' ಎಂದರ್ಥ. ಈ ಸಂಗತಿ ನನಗೆ ಹೊಳೆದದ್ದು, ಜಿಪ್ ಎಳೆದು ಹೊರಬಂದಾಗ ನೀರಿನ ಬಾಟಲಿ ಹಿಡಿದು ಮಳೆಯಲ್ಲಿ ಸಾಲಾಗಿ ನಿಂತಿದ್ದವರನ್ನು ನೋಡಿದ ಮೇಲೆ.

ಮುಂದಿದ್ದ ಹಿರಿಯರು ಮರುಕದಿಂದ ಕೇಳಿದರು: "ಹೊಟ್ಟಿ ಭಾಳ ಕೆಟ್ಟೈತೇನ್ರಿ? ಮಜ್ಜಿಗಿ ಕುಡೀರಿ."

ಎರಡೂ ಕೈಲೆ ಹಿಡಿದ ಮೀನು

ಅವರೆದುರು ಮತ್ತೆ ಕೂಡುವ ಧೈರ್ಯವಾಗಲಿಲ್ಲ. ಡೇರೆ ಮಡಚಲು ಹೋದರೆ ಅದೂ ಮಾತು ಕೇಳಲಿಲ್ಲ. ತಿರುಚಿದೆ, ಅದರ ಮೇಲೆ ಕೂತೆ, ಕಡೆಗೆ ಟವೆಲಿನಿಂದ ಬಿಗಿದು ಖಾಲಿ ಕೈಯಲ್ಲಿ ಬೆಳಗಾವಿಯ ರೈಲು ಹತ್ತಿದೆ. ಪಕ್ಕದಲ್ಲಿ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬುಟ್ಟಿಯ ತುಂಬ ಕಾಗದದ ಪೊಟ್ಟಣಗಳು.

ದೇಸೂರು ಬರುವಷ್ಟರಲ್ಲಿ ಟವೆಲಿನ ಗಂಟು ಬಿಚ್ಚಿತು. ಡೇರೆ ಫಟ್ಟೆಂದು ಅರಳಿ ನಮ್ಮಿಬ್ಬರನ್ನೂ ಬುಟ್ಟಿಯ ಸಮೇತ ಮುಚ್ಚಿಬಿಟ್ಟಿತು. ತಳವಿಲ್ಲದ್ದು ನೋಡಿ! ಕತ್ತಲಲ್ಲಿ ಬುಟ್ಟಿ ವಾಲಿತು, ಒಂದು ಪೊಟ್ಟಣ ಹಾರಿತು, ನಾನು ಎರಡೂ ಕೈಯಿಂದ ಗಪ್ಪನೆ ಹಿಡಿದೆ. ಬೈಗುಳಕ್ಕೆ ಕಾದು ಕೂತಿದ್ದರೆ ಅವಳು ಹೊಟ್ಟೆ ಹಿಡಿದು ನಕ್ಕಳು. "ಘ್ಯಾ ದಾದಾ, ತಗೋರಿ! ನೀವ ಹಿಡದ್ರಿ, ನಿಮ್ದ ಆತು."

ಪೊಟ್ಟಣವನ್ನು ಬಿಚ್ಚದೆ ಹಾಗೆಯೇ ಹೆಂಡತಿಯ ಕೈಗಿಟ್ಟೆ.

"ನೀವ ಹಿಡದ್ರಿ?"

"ಈ ಎರಡೂ ಕೈಲೆ."

"ಎಲ್ಲಿ?"

"ನನ್ನ ಡೇರಿಯೊಳಗ. ನಿನ್ನಾಣಿ ಖರೇ."

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನ ಎದೆ ಆ ಹಳದಿ ಆನೆಯ ಹಾಗೆ ಉಬ್ಬಿತ್ತು. ಹೆಂಡತಿ ಕಾಗದ ಬಿಚ್ಚಿದಳು, ಮೂಸಿದಳು, ಮಗಳನ್ನು ಕೂಗಿದಳು.

"ಬಾರವಾ, ನಿಮ್ಮಪ್ಪ ಹಿಡದ ಮೀನ ನೋಡ. ಹೊಳ್ಯಾಗ ಮೈಗೆಲ್ಲ ಉಪ್ಪ ಹಚ್ಚಿಕೊಂಡು, ಒಣಗಿ, ಈಸಾಕತ್ತಿತ್ತಂತ!"

ಆಮೇಲೆ ಬಳ್ಳೊಳ್ಳಿಯ ಬುಟ್ಟಿ ತಂದು ನನ್ನ ಮುಂದಿಟ್ಟಳು. "ಒಣ ಮೀನಿನ ಚಟ್ನಿಗೆ ಭಾಳ ಬೇಕಾಗ್ತೈತಿ, ಸುಲೀರಿ. ಬೇಕಂದ್ರ ಡೇರಿಯೊಳಗ ಕುಂತ ಸುಲೀರಿ."