ಕಿರ್ರೋ, ಗರ್ರೋ?

ಹೆಂಡತಿ ಕಾರು ಓಡಿಸುವಾಗ ಪಕ್ಕದಲ್ಲಿ ಕೂತ ಗಂಡ ಬಾಯಿ ಮುಚ್ಚಿಕೊಂಡಿರುತ್ತಾನೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನನಗಂತೂ ಅದು ಆಗದ ಕೆಲಸ. ಕಾರು ಓಡಿಸಲು ನನಗೆ ಬರುವುದಿಲ್ಲ. ಬರುವುದಿಲ್ಲವಾದ್ದರಿಂದಲೇ ಹೇಗೆ ಓಡಿಸಬೇಕೆಂಬ ಬಗ್ಗೆ ಖಚಿತ ಅಭಿಪ್ರಾಯಗಳಿವೆ. ನಾನು ನಿವೃತ್ತ ಕನ್ನಡ ಮೇಷ್ಟ್ರು. ನನ್ನಾಕೆ ಸುಮಿತ್ರೆ ಟಿ. ನರಸೀಪುರದ ಶಾಲೆಯೊಂದರಲ್ಲಿ ಇನ್ನೂ ವಿಜ್ಞಾನ ಹೇಳಿಕೊಡುತ್ತಾಳೆ. ನಂಜನಗೂಡಿನ ನಮ್ಮ ಮನೆಯಿಂದ ಅಷ್ಟು ದೂರ ದಿನವೂ ಬಸ್ಸಿನಲ್ಲಿ ನಿಂತು ಹೋಗಿ ಸಾಕಾಗಿ, ಐವತ್ತು ದಾಟಿದ ಮೇಲೆ ಹಠ ಹಿಡಿದು ಕಾರು ಕಲಿತಳು. ಮೊದಲ ದಿನ ಒಬ್ಬಳೇ ಶಾಲೆಗೆ ಹೋಗಿಬಂದಾಗ ಅವಳ ಮುಖದಲ್ಲಿದ್ದ ಕಳೆಯನ್ನು ನಮ್ಮ ಮದುವೆಯ ಫೋಟೋದಲ್ಲೂ ನಾನು ಕಂಡಿಲ್ಲ.

ಇಂಥ ಕಾರು ಸಂಕ್ರಾಂತಿಗೆ ಮುಂಚೆ ಒಂದು ಸೋಮವಾರ ಇದ್ದಕ್ಕಿದ್ದಂತೆ ಕಿರುಚತೊಡಗಿತು. ಬ್ರೇಕು ಒತ್ತಿದರೆ ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಎದುರು ಮನೆಯ ಪುಟ್ಟಮ್ಮನಿಗೆ ಗಡಿಯಾರ ನೋಡುವ ಅಗತ್ಯವೇ ಬೀಳಲಿಲ್ಲ; ಸದ್ದು ಕೇಳಿದೊಡನೆ "ಮೇಡಮ್ಮೋರು ಬಂದ್ರು, ಕಾಪಿಗೆ ಆಲಿಡು" ಎಂದು ಸೊಸೆಗೆ ಕೂಗುತ್ತಿದ್ದರು. ನಾನು ಸುಮ್ಮನಿರಬಹುದಿತ್ತು. "ನಿನ್ನ ಕಾಲು ಸದಾ ಬ್ರೇಕಿನ ಮೇಲೇ ಇರುತ್ತೆ ಕಣೇ, ಇನ್ನೇನಾಗುತ್ತೆ?" ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. "ತಪ್ಪು ನನ್ನ ಕಾಲಿಂದೇ ಆದ್ರೆ ಕಾರು ಮಾರ್ಬಿಡೋಣ ಬಿಡಿ. ಮೊದಲಿನ ಥರ ಬಸ್ಸಲ್ಲೇ ಹೋಗ್ತೀನಿ" ಎಂದವಳೇ ಕೀಲಿಯನ್ನು ದೇವರ ಮನೆಯ ಗೂಡಿನಲ್ಲಿಟ್ಟಳು. ಅಷ್ಟು ಹೇಳಬಾರದಿತ್ತು ಎಂದು ನನಗೂ ಅನ್ನಿಸಿತು. ಆದರೆ ಆಡಿದ ಮಾತನ್ನು ಅಷ್ಟು ಬೇಗ ಹಿಂದಕ್ಕೆ ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ.

ಗ್ಯಾರೇಜಿನ ಮಹದೇವುಗೆ ಫೋನು ಮಾಡಿದೆ. "ಸದ್ದು ಎಂಗ್ ಬತ್ತದೆ ಸಾ? ವಸಿ ಮಾಡಿ ತೋರ್ಸಿ" ಎಂದ. ವರ್ಷಗಟ್ಟಲೆ ಹುಡುಗರಿಗೆ ಪಟಪಟ, ಧಗಧಗ, ಚುರುಚುರು ಎಂದು ಅನುಕರಣಾವ್ಯಯ ಹೇಳಿಕೊಟ್ಟವನು ನಾನು. ಗಂಟಲು ಸರಿಮಾಡಿಕೊಂಡು "ಕಿರ್ರ್" ಎಂದೆ. ಅಡುಗೆಮನೆಯಿಂದ "ಅಲ್ಲ, ಗರ್ರ್" ಎಂದು ತಿದ್ದುಪಡಿ ಬಂತು. ನಾನು ಇನ್ನೂ ಜೋರಾಗಿ ಕಿರ್ರ್ ಎಂದೆ. ಅವಳು ಸೌಟು ಹಿಡಿದೇ ಹೊರಗೆ ಬಂದು ಗರ್ರ್ ಎಂದಳು. ಮಹದೇವು ಅತ್ತ ಕಡೆ ಕಂಗಾಲಾದ. "ಕಿರ್ರ್ ಅಂದ್ರೆ ಬ್ರೇಕ್ ಪ್ಯಾಡ್ ಸವ್ದದೆ ಸಾ, ಗರ್ರ್ ಅಂದ್ರೆ ಒಳ್ಗೆ ಏನೋ ಸಿಕ್ಕಂಡದೆ. ಇಬ್ರೂ ಮಾತಾಡ್ಕಂಡು ಯಾವ್ದಾದ್ರೂ ಒಂದ್ ಏಳಿ" ಎಂದ. ವ್ಯಾಕರಣ ಓದಿದವನ ಕಿವಿ ಸುಳ್ಳಾಡುತ್ತದೆಯೇ? ಕಿರ್ರ್ ಎಂದೇ ಕೊನೆಯದಾಗಿ ಹೇಳಿದೆ. ಅವನು ಪಾಪ, ನನ್ನ ಮಾತು ನಂಬಿ ಮನೆಗೇ ಬಂದು ಮುಂದಿನ ಚಕ್ರಗಳಿಗೆ ಹೊಸ ಪ್ಯಾಡು ಹಾಕಿದ.

ಸದ್ದು ಇದ್ದ ಹಾಗೇ ಇತ್ತು. ಆಗ ಸುಮಿತ್ರೆ ಗೂಡಿನಿಂದ ಕೀಲಿ ತಂದು, "ಮಹದೇವು, ಕಾಲು ಬ್ರೇಕಿನ ಮೇಲೆ ಇಲ್ದೇ ಇದ್ರೂ ಸದ್ದು ಬರುತ್ತಪ್ಪ. ನಿಧಾನಕ್ಕೆ ಬಿಡ್ತೀನಿ, ಜೊತೇಲೇ ನಡ್ಕೊಂಡು ಕೇಳು" ಎಂದಳು. ಕಾರು ಇರುವೆಯ ಹಾಗೆ ಹೊರಟಿತು. ಪಕ್ಕದಲ್ಲಿ ಸೊಂಟ ಬಗ್ಗಿಸಿಕೊಂಡು ಮಹದೇವು, ಅವನ ಹಿಂದೆ ಪಂಚೆ ಎತ್ತಿಕಟ್ಟಿಕೊಂಡು ನಾನು. ಪುಟ್ಟಮ್ಮ ಸೊಸೆ ಸಮೇತ ಜಗುಲಿಗೆ ಬಂದರು. ಸದ್ದು ಹಿಂದಿನ ಎಡಚಕ್ರದಿಂದ ಬರುತ್ತಿತ್ತು. ಚಕ್ರ ಬಿಚ್ಚಿ ಒಳಗೆ ಕೈ ಹಾಕಿದ ಮಹದೇವು ಒಂದು ಹಿಡಿ ಒಣಬಳ್ಳಿಯನ್ನೂ ಅದರಲ್ಲಿ ಸಿಕ್ಕಿಕೊಂಡಿದ್ದ ಕಲ್ಲನ್ನೂ ಎಳೆದು ತೆಗೆದ. ಮೂಸಿ ನೋಡಿ, "ಇದೇನ್ ಸಾ, ಕಾರ್ಗೆ ಉಳ್ಳಿ ಮೇಯ್ಸಿದ್ರಾ?" ಎಂದ.

ಹುರುಳಿ ಮೇಯಿಸಿದ್ದು ನಾನೇ. ಸದ್ದು ಶುರುವಾಗುವ ಹಿಂದಿನ ದಿನ, ಭಾನುವಾರ, ತಗಡೂರಿನ ಹತ್ತಿರ ಅವಳ ತಮ್ಮನ ಊರಿಗೆ ಹೋಗಿದ್ದೆವು. ನಮ್ಮ ಕಡೆ ಹುರುಳಿ ಕೊಯ್ದರೆ ಕಣ ಹುಡುಕುವವರಿಲ್ಲ, ಡಾಂಬರು ರಸ್ತೆಯ ಮೇಲೆ ಹರಡಿಬಿಡುತ್ತಾರೆ. ಹೋಗಿಬರುವ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಅವಳು "ಚಕ್ರಕ್ಕೆ ಸುತ್ಕೊಳುತ್ತೆ ಕಣ್ರೀ" ಎಂದು ಅಂಚಿನಲ್ಲಿ ಹೋಗಹೊರಟರೆ, ನಾನು ಕೆಳಗಿಳಿದು ನಿಂತು, "ಇತ್ತ ಬಾ, ಈ ಬದಿ ಕಾಳು ಇನ್ನೂ ಬಿಟ್ಟಿಲ್ಲ, ಹಿಂದಕ್ಕೆ ತಗೋ" ಎಂದು ಕೈಬೀಸಿ ಮೆರೆದಿದ್ದೆ. ಅವಳ ತಮ್ಮ ಬೇರೆ "ಬಾವಾರೇ, ನಿಮ್ ಕಾರು ಕಣ ತುಳಿಯೋ ಓರಿಗಿಂತ್ಲೂ ವಾಸಿ" ಎಂದು ಉಬ್ಬಿಸಿದ್ದ. ಇದನ್ನೆಲ್ಲ ಮಹದೇವುಗೆ ಸುಮಿತ್ರೆಯೇ ವಿವರಿಸಿದಳು. ನಾನು ಆ ಹೊತ್ತಿಗೆ ಕಾಫಿ ತರುವ ನೆಪದಲ್ಲಿ ಒಳಗೆ ಸೇರಿಕೊಂಡಿದ್ದೆ.

ಮಾರನೆಯ ದಿನ ನರಸೀಪುರಕ್ಕೆ ನಾನೂ ಹೊರಟೆ. ದಾರಿಯಲ್ಲಿ "ನಿನ್ನ ಕಾಲಿನ ತಪ್ಪಲ್ಲ, ನಂದೇ ತಪ್ಪಾಯ್ತು" ಎಂದೆ. ಅವಳು ನಕ್ಕಳು. ನನಗೆ ನಿಜಕ್ಕೂ ಖುಷಿಯಾಯಿತು. ಖುಷಿಯಲ್ಲಿ ನಾಲಗೆ ಸಡಿಲವಾಯಿತು: ಮುಂದೆ ರೋಡ್ ಹಂಪ್ ಇದೆ, ಎಮ್ಮೆ ನೋಡ್ಕೋ, ಟ್ರ್ಯಾಕ್ಟರ್‌ಗೆ ದಾರಿ ಬಿಡು, ಗೇರು ಇಳಿಸು. ಒಂದು ಬಸ್ ಸ್ಟಾಪಿನ ಮುಂದೆ ಕಾರು ಮೆತ್ತಗೆ ನಿಂತಿತು.

"ನೋಡಿದ್ರಾ, ಚೂರಾದ್ರೂ ಸದ್ದು ಬಂತಾ?"

"ಇಲ್ಲ ಕಣೇ, ಬೆಣ್ಣೆ ಹಾಗೆ ನಿಂತುಬಿಡ್ತು!"

"ಸರಿ, ಇಳೀರಿ. ಹಿಂದೇನೇ ನರಸೀಪುರದ ಬಸ್ ಬರ್ತಿದೆ."

ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟೇ ಸಿಕ್ಕಿತು. ಅವನು ಎಮ್ಮೆಗಳ ನಡುವೆಯೇ ನುಗ್ಗಿಸಿದ, ಹಂಪಿನ ಮೇಲೆ ಹಾರಿಸಿದ. ನಾನು ತುಟಿಪಿಟಕ್ಕೆನ್ನಲಿಲ್ಲ. ಇಲ್ಲೂ ಇಳಿಸಿಬಿಟ್ಟರೆ ಮುಂದೆ ನಡೆಯಬೇಕಿತ್ತು.