ಲುವೈ ನೆಟ್ಟ ಮರ

"ಅದೇನ್ ಮಹಾ, ಐದು ನಿಮಿಷದ ಕೆಲಸ" ಅಂತ ಗುರುವಾರ ಸಂಜೆ ಲುವೈ ಬಾಯಿ ತಪ್ಪಿ ಹೇಳಿಬಿಟ್ಟ. ಅಲ್ಲಿಂದ ಶುರುವಾಯಿತು ಎಲ್ಲ.

ಹೇಳಿದ ಜಾಗವೂ ಸರಿಯಿರಲಿಲ್ಲ. ಅದು ಸಲ್ತ್ ಊರಿನ ತರ್ಫಾನ್ ಮನೆತನದ ಸಭಾಮಂದಿರ. ಎದುರಿಗೆ ಜಪಮಾಲೆ ತಿರುಗಿಸುತ್ತಾ ಕೂತಿದ್ದವರು ಮನೆತನದ ಯಜಮಾನ ಹಾಜಿ ಫರ್ಹೂದ್. ಮನೆತನದ ಹುಡುಗರು ಗೋಡೆಯಷ್ಟು ದೊಡ್ಡ ಟಿವಿ ತಂದು ಹಾಕಿದ್ದರು. ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಸೇರುವಾಗ ಅದರ ಮೇಲೆ ಇಡೀ ತರ್ಫಾನ್ ಕುಲದ ಮರ ಅರಳಬೇಕು ಅನ್ನೋದು ಹಾಜಿಯವರ ಆಸೆ. ಹೆಸರುಗಳೆಲ್ಲ ಲುವೈಯ ಕಂಪ್ಯೂಟರಿನಲ್ಲಿ ಇದ್ದೇ ಇದ್ದವು.

ಲುವೈ ನೀರಿನ ಬಿಲ್ಲು ಮುದ್ರಿಸುವ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಹಾಗಾಗಿ ಕುಲದವರ ಪಾಲಿಗೆ ಅವನು ಕೆಟ್ಟ ಫೋನಿಗೂ, ಓಡದ ಫ್ರಿಜ್ಜಿಗೂ ವೈದ್ಯ. ಹೆಸರುಗಳನ್ನು ಅವನು ಕೋಷ್ಟಕದಲ್ಲಿ ತುಂಬಿಸಿಟ್ಟಿದ್ದ. ಒಬ್ಬೊಬ್ಬರಿಗೆ ಒಂದೊಂದು ಸಾಲು: ಅವರ ಸಂಖ್ಯೆ, ಹೆಸರು, ಅಪ್ಪನ ಸಂಖ್ಯೆ, ಬದುಕಿದ್ದಾರೋ ಇಲ್ಲವೋ. ಅಲ್ಲಿ ಮುತ್ತಜ್ಜನೂ ಮೊಮ್ಮಗನೂ ರೊಟ್ಟಿ ಅಂಗಡಿಯ ಮುಂದೆ ಸರದಿ ನಿಂತವರ ಹಾಗೆ ಒಂದೇ ಸಮ. ಆದರೆ ಟಿವಿಯಲ್ಲಿ ಮರ ಬಿಡಿಸುವ ತಂತ್ರಾಂಶಕ್ಕೆ ಸಾಲು ಬೇಡ. ಅದಕ್ಕೆ ಬೇಕಾದದ್ದು ಎಕ್ಸ್‌ಎಂಎಲ್ ಅನ್ನುವ ಬಗೆ: ಮುತ್ತಜ್ಜನ ಪೆಟ್ಟಿಗೆಯೊಳಗೆ ಮಕ್ಕಳ ಪೆಟ್ಟಿಗೆ, ಅದರೊಳಗೆ ಮೊಮ್ಮಕ್ಕಳದ್ದು. ತೆರೆದ ಪ್ರತಿ ಪೆಟ್ಟಿಗೆಯನ್ನೂ ಮುಚ್ಚಲೇಬೇಕು.

"ಐದು ನಿಮಿಷ ಅಂದ್ಯಲ್ಲ, ಒಳ್ಳೇದಾಯ್ತು" ಅಂದರು ಹಾಜಿ. "ನಾಳೆ ಸಂಜೆ ನಿನಗೆ ಹೆಣ್ಣು ಕೇಳೋಕೆ ಅಬೂ ಸುಹೈಬ್ ಮನೆಗೆ ನಾನೇ ಮುಂದೆ ನಿಂತು ಹೋಗ್ಬೇಕು. ಮರ ಎದ್ದು ನಿಂತ್ರೆ 'ಹುಡುಗ ಕೆಲಸಗಾರ' ಅಂತೀನಿ. ಬಿದ್ದುಹೋದ್ರೆ ಏನಂತ ಹೇಳ್ಲಿ, ನೀನೇ ಹೇಳು."

ಲುವೈ ಚಹಾ ಲೋಟ ಹಾಗೇ ಕೆಳಗಿಟ್ಟ. ಅಬೂ ಸುಹೈಬ್ ಅಂದರೆ ಅದೇ ಕುಲದ ದೂರದ ಕೊಂಬೆಯವರು, ನಿವೃತ್ತ ವ್ಯಾಕರಣ ಮೇಷ್ಟ್ರು. ಯಾರಾದರೂ "ಬೆಂಕಿ ಬಿದ್ದಿದೆ" ಅಂತ ಕಿರುಚಿದರೂ ಮೊದಲು ಆ ವಾಕ್ಯ ತಿದ್ದಿ, ಆಮೇಲೆ ಓಡುವವರು. ಅವರ ಮಗಳು ಶತಾ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಕೈಯಿಂದಲೇ ತಗೊಳ್ಳಬೇಕು ಅಂತ ಒಂದು ವರ್ಷದಿಂದ ಇಲ್ಲದ ತಲೆನೋವಿಗೆ ಮಾತ್ರೆ ಕೊಂಡು ಲುವೈಯ ಮನೆಯ ಒಂದು ಕಪಾಟು ತುಂಬಿತ್ತು.

ಶುಕ್ರವಾರ ಬೆಳಿಗ್ಗೆ ಎದ್ದವನೇ ಕಂಪ್ಯೂಟರಿನ ಮುಂದೆ ಕೂತ. ಪ್ರತಿಯೊಬ್ಬನಿಗೂ ಅವನ ಅಪ್ಪನನ್ನು ಹುಡುಕಿ ಜೋಡಿಸು ಅಂತ ಆಜ್ಞೆ ಬರೆದ. ಅವಸರದಲ್ಲಿ ಸಂಖ್ಯೆಗೆ ಬದಲು ಹೆಸರು ನೋಡಿ ಜೋಡಿಸು ಅಂದುಬಿಟ್ಟಿದ್ದ. ತರ್ಫಾನರಲ್ಲಿ ಮೊದಲ ಮಗನಿಗೆ ಅಜ್ಜನ ಹೆಸರಿಡುವುದು ಪದ್ಧತಿ. ಕಂಪ್ಯೂಟರು ಹಮ್ದಾನನ ಮಗ ಮಿಫ್ಲಿಹ್, ಮಿಫ್ಲಿಹನ ಮಗ ಹಮ್ದಾನ್, ಹಮ್ದಾನನ ಮಗ ಮತ್ತೆ ಮಿಫ್ಲಿಹ್ ಅಂತ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಅದರ ಫ್ಯಾನು ವಿಮಾನ ಏರುವ ಸದ್ದು ಮಾಡಿತು. ಕಂಪ್ಯೂಟರಿನ ಮೇಲೆ ರೊಟ್ಟಿ ಸುಡಬಹುದಿತ್ತು.

ಅಷ್ಟರಲ್ಲಿ ಮೇಲಿನ ಮನೆಯ ಉಮ್ಮ್ ಕುತೈಬಾ ಒಂದು ತಟ್ಟೆ ಚೀಸ್ ಹಿಡಿದು, ಬಾಗಿಲು ತಟ್ಟದೆ ಒಳಗೆ ಬಂದಳು. ಆಕೆ ಹಾಜಿಯ ತಂಗಿ. ಸಲ್ತ್‌ನ ಮೆಟ್ಟಿಲು ಬೀದಿಗಳಲ್ಲಿ ಸುದ್ದಿ ಕೆಳಗಿಳಿಯುವುದು ಆಕೆಯ ಬಾಯಿಂದಲೇ.

"ಇದೇನೋ ಇದು? ನಮ್ಮಪ್ಪ ಹಮ್ದಾನ್ ಅವನಿಗೆ ಅವನೇ ಅಜ್ಜ ಆಗಿದ್ದಾನೆ!"

"ಸ್ವಲ್ಪ ತಪ್ಪಾಗಿದೆ, ಸರಿ ಮಾಡ್ತೀನಿ."

"ಸ್ವಲ್ಪನಾ? ಆ ಮನುಷ್ಯ ಬದುಕಿದ್ದಾಗ ಒಂದೇ ಸಲ ಅಜ್ಜ ಆಗಿದ್ದಕ್ಕೇ ಮನೆಯೆಲ್ಲ ನಡುಗ್ತಿತ್ತು."

ಲುವೈ ಆಜ್ಞೆ ತಿದ್ದಿದ. ಈ ಸಲ ಸಂಖ್ಯೆಗೆ ಸಂಖ್ಯೆ ಜೋಡಿಸಿದ. ಪಟಪಟನೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಕೂತವು. ಖುಷಿಯಲ್ಲಿ ಹಿಂದುಮುಂದು ನೋಡದೆ ಅದನ್ನು ಕುಲದವರ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟ.

ಮರುಕ್ಷಣವೇ ಫೋನು ಹೊಡೆದುಕೊಂಡಿತು. ಹಾಜಿಯ ಹೆಂಡತಿ.

"ಲುವೈ, ಮಗನೇ, ನಿಜ ಹೇಳು. ನಮ್ಮ ಯಜಮಾನರಿಗೆ ಮುನ್ನೂರು ಮಕ್ಕಳಾ?"

ನೋಡಿದರೆ ಹಾಜಿ ಫರ್ಹೂದರ ಪೆಟ್ಟಿಗೆ ಮುಚ್ಚಿರಲಿಲ್ಲ. ಹೆಸರಿನ ಕಾಗುಣಿತ ಕೈಯಾರೆ ತಿದ್ದುವಾಗ ಅದನ್ನು ಮುಚ್ಚುವ ಸಾಲು ಅಳಿಸಿಹೋಗಿತ್ತು. ಆಮೇಲೆ ಬಂದವರೆಲ್ಲ, ಅವರಿಗಿಂತ ಹಿರಿಯ ಭಾವಂದಿರೂ ಸೇರಿ, ಅವರ ಹೊಟ್ಟೆಯೊಳಗೇ ಹುಟ್ಟಿದ್ದರು.

"ಅಮ್ಮಾ, ಪೆಟ್ಟಿಗೆ ಮುಚ್ಚೋದು ಮರೆತೆ."

"ಪೆಟ್ಟಿಗೆ ಮಾತು ಬಿಡು. ಪ್ರತಿ ಬುಧವಾರ ಅಮ್ಮಾನ್ ನಗರಕ್ಕೆ ಹೋಗ್ತಿದ್ರಲ್ಲ, ಅದಕ್ಕೇನ್ ಹೇಳ್ತೀಯ?" ಅಂತ ಆಕೆ ಫೋನ್ ಇಟ್ಟಳು. ಆ ದಿನ ಹಾಜಿ ಬೆಳಗಿನ ತಿಂಡಿಯಿಲ್ಲದೆ ಮಸೀದಿಗೆ ಹೋದರಂತೆ.

ಲುವೈ ಪೆಟ್ಟಿಗೆ ಮುಚ್ಚಿ ಉಸಿರು ಬಿಡುವುದರೊಳಗೆ ಉಮ್ಮ್ ಕುತೈಬಾ ಸೊಂಟಕ್ಕೆ ಕೈಯಿಟ್ಟಳು.

"ಎಲ್ಲಾ ಸರಿ, ನಾನೆಲ್ಲಿದ್ದೀನಿ ಇದರಲ್ಲಿ?"

"ಅದು... ಗಂಡಸರ ಹೆಸರು ಮಾತ್ರ ಹಾಕೋದು ವಾಡಿಕೆ..."

"ಓಹೋ! ನೀವೆಲ್ಲ ಮರದಿಂದಲೇ ಉದುರಿದ್ರಾ? ಇವತ್ತಿನ ಮನ್ಸಫ್ ಬೇಯಿಸ್ತಿರೋರು ಯಾರು ಗೊತ್ತಾ? ಹೆಂಗಸರ ಹೆಸರಿಲ್ಲ ಅಂದ್ರೆ ಬರೀ ಅನ್ನ, ಮೇಲೆ ಕುರಿನೂ ಇಲ್ಲ, ಮೊಸರೂ ಇಲ್ಲ."

ಹೆಂಗಸರ ಹೆಸರು ಕೋಷ್ಟಕದಲ್ಲಿದ್ದವು. ಸೇರಿಸಿದ. ಆದರೆ ತರ್ಫಾನರು ತಮ್ಮತಮ್ಮಲ್ಲೇ ಮದುವೆಯಾಗುವವರು. ಉಮ್ಮ್ ಕುತೈಬಾ ಅಪ್ಪನ ಪೆಟ್ಟಿಗೆಯಲ್ಲೂ ಇರಬೇಕು, ಗಂಡನ ಪೆಟ್ಟಿಗೆಯಲ್ಲೂ ಇರಬೇಕು. ಸಾಲಿನಲ್ಲಾದರೆ ಇದು ತೊಂದರೆಯೇ ಅಲ್ಲ, ಪೆಟ್ಟಿಗೆಯಲ್ಲಿ ಒಬ್ಬರಿಗೆ ಒಂದೇ ಜಾಗ.

"ಎರಡೂ ಕಡೆ ಹಾಕು" ಅಂದಳು ಆಕೆ. ಹಾಕಿದ. ಆಕೆಯ ಹಿಂದೆಯೇ ಮಕ್ಕಳು, ಮೊಮ್ಮಕ್ಕಳು ಎರಡೆರಡಾಗಿ ಹುಟ್ಟಿದರು. ಕುಲ ನೋಡನೋಡುತ್ತಲೇ ಇಮ್ಮಡಿಯಾಯಿತು. ಒಟ್ಟು ತಲೆ ಎಷ್ಟು ಅಂತ ಫೋನಿನಲ್ಲಿ ಕೇಳಿದ ಅಡುಗೆ ಮೇಲ್ವಿಚಾರಕ ಎರಡರಷ್ಟು ಅಕ್ಕಿ ನೆನೆಸಿದ. ಇತ್ತ ಲುವೈ ತಲೆ ಕೆರೆದುಕೊಂಡು ಒಂದು ಉಪಾಯ ಮಾಡಿದ: ಮಗಳು ಅಪ್ಪನ ಪೆಟ್ಟಿಗೆಯಲ್ಲಿ, ಗಂಡನ ಬಳಿ ಬರೀ ಅವಳ ಹೆಸರಿನ ಚೀಟಿ, ಮಕ್ಕಳು ಒಂದೇ ಕಡೆ. ಮರ ಅಲುಗಾಡದೆ ನಿಂತಿತು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಪರೀಕ್ಷಿಸಿದ. ಒಂದೂ ತಪ್ಪಿಲ್ಲ.

ನಮಾಜು ಮುಗಿದು ಎಲ್ಲರೂ ಸಭಾಮಂದಿರದಲ್ಲಿ ಸೇರಿದಾಗ ಅನ್ನದ ಗುಡ್ಡ ಕಿಟಕಿಯೆತ್ತರ ಇತ್ತು. ಟಿವಿಯ ಮೇಲೆ ಮರ ಅರಳಿತು. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ತಮ್ಮ ಹೆಸರು ಕಂಡ ಮುದುಕರು ಕಣ್ಣೊರೆಸಿಕೊಂಡರು. ಹಾಜಿ ಲುವೈಯ ಬೆನ್ನು ಎಷ್ಟು ಜೋರಾಗಿ ತಟ್ಟಿದರೆಂದರೆ ಅವನು ಒಂದು ತುತ್ತು ಮಾಂಸ ನುಂಗಿದ್ದೇ ತಿಳಿಯಲಿಲ್ಲ.

"ನೋಡಿದ್ರಾ ಅಬೂ ಸುಹೈಬ್! ಸಂಜೆ ಬರ್ತೀವಿ, ಕಾಫಿ ಕಾಯಿಸಿ ಇಡಿ."

ಅಬೂ ಸುಹೈಬ್ ಕನ್ನಡಕ ಹಾಕಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕೊಂಬೆಗಳನ್ನು ಬೆರಳಿಂದ ಎಣಿಸುತ್ತಿದ್ದರು.

"ಹಾಜಿ, ನೀವು ಬರೋ ಹಾಗಿಲ್ಲ."

"ಯಾಕೆ?"

"ಈ ಲುವೈಯ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ತಲೆ ನರೆತ ಮೇಲೆ ಮದುವೆಯಾದೋರು. ನಿಮ್ಮ ಕಡೆಯೋರು ಮೀಸೆ ಬರೋಕೆ ಮುಂಚೆ ಆದೋರು. ಮರ ನೋಡಿ. ಇವನು ನಿಮ್ಮ ಅಜ್ಜನ ಸಾಲಿನಲ್ಲಿ ಕೂತಿದ್ದಾನೆ. ನಿಮಗೆ ಇವನು ಅಜ್ಜ ಆಗ್ಬೇಕು. ನನಗೂ ಅಜ್ಜನೇ."

ಮೂಲೆಯಿಂದ ಯಾರೋ "ಅಜ್ಜನಿಗೆ ಮೆತ್ತಗಿನ ಮಾಂಸ ಹಾಕ್ರೋ" ಅಂದರು. ನಗು ಗೋಡೆಗೆ ಬಡಿಯಿತು.

"ಇರ್ಲಿ ಬಿಡಿ, ದೂರದ ಸಂಬಂಧ, ಮದುವೆಗೇನೂ ಅಡ್ಡಿಯಿಲ್ಲವಲ್ಲ" ಅಂದರು ಹಾಜಿ.

"ಮದುವೆಗೆ ಅಡ್ಡಿಯಿಲ್ಲ. ಹುಡುಗ ನನಗೂ ಇಷ್ಟ. ಆದರೆ ಮೊಮ್ಮಗ ಮುಂದೆ ನಿಂತು ಅಜ್ಜನಿಗೆ ಹೆಣ್ಣು ಕೇಳೋದು ಎಲ್ಲಾದ್ರೂ ಉಂಟಾ? ಕರ್ತೃ, ಕರ್ಮ, ಕ್ರಿಯಾಪದ ಎಲ್ಲಾ ತಲೆಕೆಳಗಾಯ್ತು. ಕುಲದಲ್ಲಿ ಇವನಿಗಿಂತ ಮೇಲಿನ ಸಾಲಿನವರು ಯಾರಾದ್ರೂ ಬಂದು ಕೇಳ್ಲಿ. ನಾನು ಇಲ್ಲ ಅನ್ನಲ್ಲ."

ಮೇಷ್ಟ್ರ ಮಾತು ಅಂದರೆ ಮುಗಿಯಿತು. ಲುವೈ ಬೆವರುತ್ತಾ ಕಂಪ್ಯೂಟರ್ ತೆರೆದ. ತನ್ನಪ್ಪನ ಸಾಲಿನಲ್ಲಿ ಯಾರು ಬದುಕಿದ್ದಾರೆ ಅಂತ ಕೇಳಿದ. ಗಂಡಸರು ಒಬ್ಬರೂ ಇಲ್ಲ, ಎಲ್ಲರೂ ಗುಡ್ಡದ ಮೇಲಿನ ಸ್ಮಶಾನದಲ್ಲಿ. ಕೊನೆಗೆ ಹೆಂಗಸರಲ್ಲಿ ಹುಡುಕಿದ. ಒಂದೇ ಒಂದು ಹೆಸರು ಬಂತು. ಜುಮಾನಾ.

"ಸಿಕ್ಕಿದ್ರು! ನನ್ನ ಸೋದರತ್ತೆ ಜುಮಾನಾ!"

"ಎಲ್ಲಿದ್ದಾರೆ ಅವರು?" ಅಂತ ಹಾಜಿ ಸುತ್ತ ನೋಡಿದರು.

ಸೋದರತ್ತೆ ಜುಮಾನಾ ಮೇಜಿನ ಕೆಳಗೆ ಕೂತು, ಯಾರದೋ ಚಪ್ಪಲಿಯೊಳಗೆ ಬಾದಾಮಿ ತುಂಬಿಸುತ್ತಿದ್ದಳು. ಅವಳಿಗೆ ಐದು ವರ್ಷ. ಲುವೈಯ ಚಿಕ್ಕಜ್ಜ ಎಂಬತ್ತರ ಹತ್ತಿರ ಎರಡನೇ ಮದುವೆಯಾಗಿ, ಕಣ್ಮುಚ್ಚುವ ಮೊದಲು ಪಡೆದ ಮಗಳು.

"ನಿಯಮ ನಿಯಮವೇ" ಅಂದರು ಅಬೂ ಸುಹೈಬ್ ಗಂಭೀರವಾಗಿ. "ಆಕೆಯೇ ಬರಲಿ."

"ಹೆಂಗಸರ ಹೆಸರು ಹಾಕಿಸಿದ್ದು ಯಾರು ಹೇಳ್ರೋ ಈಗ!" ಅಂತ ಉಮ್ಮ್ ಕುತೈಬಾ ಜುಮಾನಾಳನ್ನು ಎತ್ತಿಕೊಂಡು ಮಂದಿರವೆಲ್ಲ ಸುತ್ತಿದಳು.

ಸಂಜೆಯವರೆಗೂ ಆ ಮಗುವಿಗೆ ಪಾಠ. "ಕಾಫಿ ಕೊಟ್ರೆ ಕುಡೀಬಾರದು, ಕೆಳಗಿಡಬೇಕು. ಏನು ಬೇಕಿತ್ತು ಅಂತ ಕೇಳ್ತಾರೆ. ಆಗ 'ನಮ್ಮ ಲುವೈಗೆ ನಿಮ್ಮ ಶತಾ ಬೇಕು' ಅನ್ನಬೇಕು. ಅವರು 'ಕೊಟ್ಟೆ, ಕಾಫಿ ಕುಡೀರಿ' ಅಂತಾರೆ. ಆಮೇಲೆ ಎಲ್ಲರೂ ಕುಡಿದ್ರೆ ಮಾತು ಮುಗೀತು, ಯಾರೂ ಬದಲಾಯಿಸೋ ಹಾಗಿಲ್ಲ." ಜುಮಾನಾ ಹತ್ತು ಸಲ ತಪ್ಪಿಲ್ಲದೆ ಹೇಳಿದಳು. ಪ್ರತಿ ಸಲಕ್ಕೂ ಲುವೈ ಒಂದು ಮಿಠಾಯಿ ಕೊಟ್ಟ.

ಸಂಜೆ ಸೂಟು ಹಾಕಿದ ಗಂಡಸರ ದಂಡು ಮೆಟ್ಟಿಲು ಬೀದಿ ಏರಿತು. ಎಲ್ಲರ ಮುಂದೆ ಹಸಿರು ಲಂಗದ ಸೋದರತ್ತೆ, ಅವಳ ಹಿಂದೆ ಕೈಕಟ್ಟಿಕೊಂಡು ಹಾಜಿ ಫರ್ಹೂದ್. ಅಬೂ ಸುಹೈಬ್ ಬಾಗಿಲಲ್ಲಿ ಬಗ್ಗಿ ಅವಳ ಕೈಗೆ ಮುತ್ತಿಟ್ಟು ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಅವಳ ಕಾಲು ನೆಲ ಮುಟ್ಟಲಿಲ್ಲ. ಕಾಫಿ ಬಂತು. ಅವಳು ಅದನ್ನು ಚೆಂದವಾಗಿ ಕೆಳಗಿಟ್ಟಳು. ದಂಡಿನವರೆಲ್ಲ ಹೆಮ್ಮೆಯಿಂದ ಒಬ್ಬರ ಮುಖ ಒಬ್ಬರು ನೋಡಿದರು. ಒಳಬಾಗಿಲ ಪರದೆಯ ಹಿಂದೆ ಶತಾಳ ಬಳೆ ಸದ್ದಾಯಿತು.

"ಕುಲದ ಹಿರಿಯರು ನಮ್ಮ ಮನೆ ತನಕ ಬಂದಿದ್ದೀರಿ" ಅಂದರು ಅಬೂ ಸುಹೈಬ್. "ಕೇಳಿ. ಏನೇ ಕೇಳಿದರೂ ಈ ಮನೆ ಇಲ್ಲ ಅನ್ನೋದಿಲ್ಲ."

ಜುಮಾನಾ ಬಾಯಿ ತೆರೆದಳು. ಅದೇ ಹೊತ್ತಿಗೆ ಪರದೆಯ ಕೆಳಗಿನಿಂದ ಒಂದು ಬಿಳಿ ಬೆಕ್ಕು ಮೈ ಮುರಿಯುತ್ತಾ ಬಂದು ಅವಳ ಕುರ್ಚಿಯ ಕಾಲಿಗೆ ಬೆನ್ನುಜ್ಜಿತು.

"ಬೆಕ್ಕು!" ಅಂದಳು ಸೋದರತ್ತೆ. "ನನಗೆ ಈ ಬೆಕ್ಕು ಬೇಕು."

"ಕೊಟ್ಟೆ!" ಅಂದುಬಿಟ್ಟರು ಅಬೂ ಸುಹೈಬ್. ಕೊಟ್ಟ ಮಾತಿನ ಮನುಷ್ಯ. "ಕಾಫಿ ಕುಡೀರಿ."

"ತಡೀರಿ!" ಅಂತ ಲುವೈ ಎದ್ದ. ತಡವಾಗಿತ್ತು. ಬೆಳಗಿನಿಂದ ತಿಂಡಿಯಿಲ್ಲದೆ, ಮಧ್ಯಾಹ್ನ ಹೊಟ್ಟೆ ಬಿರಿಯೆ ಮನ್ಸಫ್ ತಿಂದು ಬಾಯಾರಿದ್ದ ಹಾಜಿ ಒಂದೇ ಗುಟುಕಿಗೆ ಕಾಫಿ ಮುಗಿಸಿದ್ದರು. ಅವರನ್ನು ನೋಡಿ ದಂಡೆಲ್ಲ ಕುಡಿದಿತ್ತು.

"ಅಲ್ಲ ಮೇಷ್ಟ್ರೇ, ಮಗು ಅದು, ಇನ್ನೊಂದು ಸಲ ಕೇಳ್ತಾಳೆ..."

"ಅಜ್ಜಾ" ಅಂದರು ಅಬೂ ಸುಹೈಬ್ ಬಹಳ ಗೌರವದಿಂದ, "ಒಂದು ವಾಕ್ಯಕ್ಕೆ ಒಂದೇ ಪೂರ್ಣವಿರಾಮ. ಬರೋ ಈದ್ ಹಬ್ಬ ಕಳೀಲಿ, ಮತ್ತೆ ಬನ್ನಿ." ಆಮೇಲೆ ಅವರೂ ತಡೆಯಲಾರದೆ ಹೊಟ್ಟೆ ಹಿಡಿದು ನಕ್ಕರು. ಪರದೆಯ ಹಿಂದಿನ ನಗು ಅದಕ್ಕಿಂತ ಜೋರಾಗಿತ್ತು.

ಜುಮಾನಾ ದಾರಿಯಲ್ಲೇ ಹಾಜಿಯ ಹೆಗಲ ಮೇಲೆ ನಿದ್ದೆಹೋದಳು. ಅವಳ ತಾಯಿ ಬೆಕ್ಕನ್ನು ಬಾಗಿಲೊಳಗೆ ಬಿಡಲಿಲ್ಲ. "ನನಗೆ ಸೀನು ಬರುತ್ತೆ. ನಿನ್ನ ಅತ್ತೆಯ ಬೆಕ್ಕು, ನೀನೇ ಸಾಕು." ಹೆಣ್ಣು ತರಲು ಹೋದ ಲುವೈ ಹೆಣ್ಣಿನ ಬೆಕ್ಕನ್ನು ಕೋಟಿನೊಳಗೆ ಇಟ್ಟುಕೊಂಡು ಮನೆ ಕಡೆ ನಡೆದ. ಅದು ಅವನ ಹೊಸ ಟೈಯನ್ನು ಎಳೆಯೆಳೆಯಾಗಿ ಬಿಚ್ಚುತ್ತಿತ್ತು.

ಫೋನು ಕಿಣಿಗುಟ್ಟಿತು. ಶತಾಳ ಮೊದಲ ಸಂದೇಶ. ಲುವೈ ದೀಪದ ಕಂಬದ ಕೆಳಗೆ ನಿಂತು ತೆರೆದ.

"ಅಜ್ಜಾ, ಅವಳಿಗೆ ಸಾರ್ಡೀನ್ ಮೀನು ಕೊಡದೆ ಮಲಗಿಸಬೇಡಿ. ಪರದೆ ಹರೀತಾಳೆ."

ಲುವೈ ಬೆಕ್ಕಿನ ಮುಖ ನೋಡಿದ. ಬೆಕ್ಕು ಲುವೈಯ ಮುಖ ನೋಡಿತು. ಆಮೇಲೆ ಇಬ್ಬರೂ, ವಾರದ ರಜೆಯ ಶುಕ್ರವಾರ ಸಂಜೆ ಬಾಗಿಲು ತೆರೆದ ಅಂಗಡಿ ಹುಡುಕುತ್ತಾ ಮೆಟ್ಟಿಲಿಳಿದು ಪೇಟೆ ಕಡೆ ಹೊರಟರು.